ಎರಡನೇ ಸಲದ ಅರಿಶಿಣ

ಅಫಜಲಪುರದಲ್ಲಿ ಕರಜಗಿ ಬಸ್ಸು ತಪ್ಪಬಹುದಿತ್ತು. ಸಿಕ್ಕ ಬಸ್ಸು ನಡುದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು. ಬಾಯಿ ವಾಸನೆಗೆಂದು ಇಟ್ಟುಕೊಂಡ ಲವಂಗ ಗಂಟಲಿಗೆ ಜಾರಿ, ಹೆಣ್ಣು ಕೊಡುವವರ ಮುಂದೆಯೇ ನನ್ನ ಕಣ್ಣು ಮೇಲಾಗಬಹುದಿತ್ತು. ಹೊಟ್ಟೆ ಕೆಡಬಾರದೆಂದು ಮೂರು ಸಲ ಅಗಿದ ಅಜವಾನದಿಂದಲೇ ಹೊಟ್ಟೆ ಕೆಡಬಹುದಿತ್ತು. ಎಲ್ಲಕ್ಕಿಂತ ಮೇಲೆ, ಮೂಗಿನ ತುದಿಯ ಮೊಡವೆ. ಅದನ್ನು ನೋಡಿ ಹುಡುಗಿ ಒಳಗೆ ಓಡಿಹೋಗಬಹುದಿತ್ತು.

ಎಂಬತ್ತರ ದಶಕದ ಮಾತು. ಈಗಲೂ ಊರಿಗೆ ಹೊರಟರೆ ಬೀಗವನ್ನು ಮೂರು ಸಲ ಜಗ್ಗಿ ನೋಡುವ ಮನುಷ್ಯ ನಾನು, ಆಗಂತೂ ಕೇಳಬೇಡಿ. ಅದಾಗಲೇ ಎರಡು ಮನೆಯವರು ನನ್ನನ್ನು ಬೇಡವೆಂದಿದ್ದರು. ಮೂರನೆಯದು ಕರಜಗಿಯ ಮನೆ. ಆ ಹುಡುಗಿಯನ್ನು ಒಂದು ಮದುವೆಯಲ್ಲಿ ನೋಡಿದ್ದೆ. ಪಂಕ್ತಿಯಲ್ಲಿ ಯಾರಿಗೋ ಬೈಯುತ್ತಲೇ ಅನ್ನ ಬಡಿಸುತ್ತಿದ್ದಳು. ಅಂದಿನಿಂದ ನನಗೆ ಅವಳೇ ಬೇಕಿತ್ತು. ಈ ಗುಟ್ಟು ಮೊಡವೆಗೂ ತಿಳಿದಿರಬೇಕು, ಅದೇ ವಾರ ಎದ್ದು ಕೂತಿತ್ತು.

ಆಳಂದದ ಮನೆಯಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಜಾಜಿಕಾಯಿಯನ್ನು ಹಾಲಿನಲ್ಲಿ ತೇಯ್ದು ಮೊಡವೆಗೆ ಹಚ್ಚಿದಳು. ಮುಖಕ್ಕೆಲ್ಲ ಕಡಲೆ ಹಿಟ್ಟು, ಕೆನೆ, ಅರಿಶಿಣ.

"ಆಯಿ, ಉರಿಯಾಕತ್ತದ."

"ಉರೀಲಿ. ಹೆಣ್ ನೋಡಾಕ ಹೊಂಟೀಯೋ, ಜೇಲಿಗೆ ಹೊಂಟೀಯೋ? ಮಾರಿ ಸಡ್ಲ ಬಿಡು. ಸಾಬೂನು ಮುಟ್ಟಬ್ಯಾಡ ಮತ್ತ, ಗುಣ ಎಲ್ಲಾ ಬಚ್ಚಲಿಗೆ ಹೋಗ್ತದ."

ತೊಳೆದಾಗ ಮುಖ ನಿಜಕ್ಕೂ ಹೊಳೆಯಿತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಹೊಳಪು ಅಫಜಲಪುರದವರೆಗಾದರೂ ಬಾಳುತ್ತದೋ ಇಲ್ಲವೋ ಎಂಬ ಚಿಂತೆ ಹತ್ತಿತು. ಮರುದಿನ ಬೆಳಿಗ್ಗೆ ಆಯಿ ಹಾಲು ಕಾಸುತ್ತಿದ್ದಾಗ ಡಬ್ಬಿಯಿಂದ ಅರಿಶಿಣ ಕದ್ದು, ಕಲಸಿ, ಹಣೆಗೆ ಇನ್ನೊಂದು ಸಲ ಗಸಗಸ ತಿಕ್ಕಿಕೊಂಡೆ. ಒಣ ಬಟ್ಟೆಯಲ್ಲಿ ಒರೆಸಿ ಹೊರಟೆ.

ಬಸ್ಸು ಸಿಕ್ಕಿತು. ಪಂಕ್ಚರ್ ಆಗಲಿಲ್ಲ. ಜೊತೆಗೆ ಬಂದ ಸೋದರಮಾವ ದಾರಿಯುದ್ದಕ್ಕೂ ಗೊರಕೆ ಹೊಡೆದ. ಕರಜಗಿಯಲ್ಲಿ ಕೈಕಾಲು ತೊಳೆದು ಒಳಗೆ ಹೋಗುತ್ತಲೇ, ನಮ್ಮ ಮನೆಗಳ ಪದ್ಧತಿಯಂತೆ ಹುಡುಗಿಯ ತಂದೆ ವಿಭೂತಿ ತಂದರು. ಸಗಣಿ ಸುಟ್ಟು ಮನೆಯಲ್ಲೇ ಮಾಡಿದ ಗಟ್ಟಿ. ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಧಾರಾಳವಾಗಿ ನನ್ನ ಹಣೆಗೆ ಎಳೆದರು.

ಸ್ವಲ್ಪ ಹೊತ್ತಿಗೆ ಹುಡುಗಿ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ತಂದು ತಾಟು ಮುಂದಿಟ್ಟಳು. ಮೂಗನ್ನು ನೋಡಲೇ ಇಲ್ಲ. ಹಣೆ ನೋಡಿದಳು. ಸೆರಗು ಬಾಯಿಗೆ ಹೋಯಿತು, ಸಾಲಲಿಲ್ಲ, ಖೊಕ್ಕೆಂದು ನಕ್ಕೇಬಿಟ್ಟಳು.

"ಅಯ್ಯಯ್ಯ, ಇದೇನಲೇ ಅಳಿಯಾ!" ಎಂದ ಸೋದರಮಾವ.

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಬಿಳಿಯ ಮೂರು ಗೆರೆಗಳು ಕೆಂಪಗಾಗಿದ್ದವು. ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ನೀರು ಕಲಸಿದವರಿಗೆಲ್ಲ ಗೊತ್ತು. ಬೂದಿಗೂ ಆ ಗುಣವಿದೆಯೆಂದು ನನಗೆ ತಿಳಿದದ್ದು ಆಗಲೇ.

"ಆರತಿ ನೀರು ನಾವು ತಾಟಿನ್ಯಾಗ ಕಲಸ್ತೇವ್ರಿ," ಎಂದಳು ಹುಡುಗಿ. "ನೀವು ಹಣಿಮ್ಯಾಲೇ ಕಲಸ್ಕೊಂಡು ಬಂದೀರಲ್ರಿ! ಎಷ್ಟ್ ಸಲ ಅರಿಷಿಣ ಹಚ್ಚೀರಿ?"

"ಎರಡ್ ಸಲರಿ," ಎಂದೆ. "ಒಂದ್ ಸಲ ಸಾಲ್ತದೋ ಇಲ್ಲೋ ಅಂತ ಅಂಜಿಕಿ ಆತ್ರಿ."

ಮೂರನೆಯ ಮನೆಯೂ ಮುಗಿಯಿತೆಂದು ಏಳಲು ನೋಡಿದೆ. ತಂದೆ ಮಗಳ ಕಡೆ ತಿರುಗಿದರು. "ಏನಂತೀಯವಾ?"

"ನಮ್ಮನಿ ಅರಿಷಿಣ ಒಂದ್ ಶೇರು ಕಟ್ಟಿ ಕೊಡ್ರಿ ಅಪ್ಪಾ," ಎಂದಳು. "ಮದಿವಿಗೆ ಇವ್ರಿಗೆ ಭಾಳ ಬೇಕಾಗ್ತದ."

ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆಳಂದಕ್ಕೆ ಬಂದೆ. ಅಂದು ಕೆಟ್ಟದ್ದು ಇಷ್ಟೇ, ಮೂರು ಗೆರೆ. ಒರೆಸಿಕೊಳ್ಳಲೂ ನೆನಪಾಗಲಿಲ್ಲ.