ಆಂಟೆನಾದವರು

ನಮ್ಮ ಬಡಾವಣೆ ಬಟವಾಡಿಗೆ ಟಿವಿ ಹೊಸದಾಗಿ ಬಂದ ಕಾಲದಲ್ಲಿ ಆಂಟೆನಾ ಕಟ್ಟುತ್ತಿದ್ದವರೊಬ್ಬರು ಮದುವೆಯನ್ನೂ ಕುದುರಿಸುತ್ತಿದ್ದರು; ಎಲ್ಲರ ಬಾಯಲ್ಲೂ ಅವರು 'ಆಂಟೆನಾದವರು'. ಮಹಡಿ ಹತ್ತಿ ಕಂಬ ತಿರುಗಿಸುತ್ತಾ "ಬಂತಾ?" ಎಂದು ಕೂಗುವರು. ಕೆಳಗಿದ್ದವರು ಚಿತ್ರ ನೋಡಿ ಉತ್ತರ ಹೇಳಬೇಕು. ಒಣಹಾಕಿದ ಬಟ್ಟೆ ನೋಡಿಯೇ ಯಾವ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರಿದ್ದಾರೆ ಎಂದು ಅವರು ಹೇಳಬಲ್ಲರು.

ನಮ್ಮಕ್ಕನಿಗೆ ಗುಬ್ಬಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಒಂದು ಭಾನುವಾರ, ಟಿವಿ ಸಿನಿಮಾದ ನೆಪದಲ್ಲಿ, ಆಂಟೆನಾದವರು ಕುಣಿಗಲ್ಲಿನ ಗಂಡಿನ ಕಡೆಯವರನ್ನು ನಮ್ಮ ಮನೆಗೆ ಕರೆತಂದರು.

"ಮದ್ವೆ ಆದ್ಮೇಲೆ ಕೆಲ್ಸಗಿಲ್ಸ ಬೇಡ ಕಣಮ್ಮ," ಎಂದರು ಗಂಡಿನ ತಾಯಿ. ಅಪ್ಪ ಆಗಲಿ ಎಂದು ತಲೆಯಾಡಿಸಿಯೇಬಿಟ್ಟರು. ಅಷ್ಟರಲ್ಲಿ ಟಿವಿ ತುಂಬಾ ಚುಕ್ಕೆ. ಆಂಟೆನಾದವರು ಮಹಡಿಗೆ ಓಡಿದರು.

"ಬಂತಾ?"

ಚಿತ್ರ ಸ್ಪಷ್ಟವಾಗಿ ಬಂದಿತ್ತು. ಆದರೂ ಅಕ್ಕ ಕಿಟಕಿಗೆ ಹೋಗಿ ಕೂಗಿದಳು: "ಈ ದಿಕ್ಕಲ್ಲಿ ಬರಲ್ಲ ಅಣ್ಣ, ಬೇರೆ ಕಡೆ ತಿರುಗ್ಸಿ!"

ಅವರು ಮಹಡಿಯಂಚಿಗೆ ಬಂದು ಬಗ್ಗಿ ಅಕ್ಕನ ಮುಖ ನೋಡಿದರು. ಆಮೇಲೆ, "ಆಯ್ತು ಬುಡವ್ವ," ಎಂದರು.

ಕುಣಿಗಲ್ಲಿನವರಿಗೆ ಏನು ಹೇಳಿ ಕಳಿಸಿದರೋ, ಎರಡು ತಿಂಗಳಿಗೆ ಇನ್ನೊಬ್ಬ ಗಂಡನ್ನು ಕರೆತಂದರು. ಅವನು ಅಕ್ಕನನ್ನು ಕೇಳಿದ್ದು ಒಂದೇ: "ಬೆಳಿಗ್ಗೆ ಗುಬ್ಬಿ ಬಸ್ಸು ಎಷ್ಟೊತ್ತಿಗೆ? ಅಷ್ಟ್ರೊಳಗೆ ತಿಂಡಿ ಮಾಡಿಡ್ಬೇಕಲ್ಲ ನಾನು."

ಅವತ್ತು ನಾವು ಟಿವಿಯನ್ನೇ ಹಾಕಿರಲಿಲ್ಲ. ಆದರೂ ಆಂಟೆನಾದವರು ಎದ್ದು ಮಹಡಿ ಹತ್ತಿದರು.

"ಬಂತಾ?"

"ಬಂತು ಅಣ್ಣ," ಎಂದಳು ಅಕ್ಕ. "ಇನ್ನು ಅಲ್ಲಾಡಿಸ್ಬೇಡಿ!"