ಸಂಗಯ್ಯ ಮಾಸ್ತರ ರೋಮ್ ನಕಾಶೆ

ಬಾದಾಮಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿದ ಸಂಗಯ್ಯ ಮಾಸ್ತರಿಗೆ ಎರಡು ಊರು ಚೆನ್ನಾಗಿ ಗೊತ್ತಿದ್ದವು. ಒಂದು ಬಾದಾಮಿ, ಇನ್ನೊಂದು ರೋಮ್. ಬಾದಾಮಿ ಗೊತ್ತಿದ್ದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಹುಟ್ಟಿ ಬೆಳೆದ ಊರು. ಆದರೆ ರೋಮಿನಲ್ಲಿ ಯಾವ ಸೇತುವೆ ದಾಟಿದರೆ ಯಾವ ಓಣಿ ಸಿಗುತ್ತದೆ, ಯಾವ ಚೌಕದಲ್ಲಿ ಕಾರಂಜಿ ಇದೆ ಅನ್ನುವುದನ್ನು ಆ ಮನುಷ್ಯ ಪಾಠದ ನಡುವೆ ಹೇಗೆ ಹೇಳುತ್ತಿದ್ದರು ಅಂದರೆ, ನಿನ್ನೆ ಸಂಜೆಯಷ್ಟೇ ಅಲ್ಲಿ ಚಹಾ ಕುಡಿದು ಬಂದವರ ಹಾಗೆ. ಹುಡುಗರು ಹಿಂದಿನ ಬೆಂಚಿನಲ್ಲಿ ಮುಸಿ ಮುಸಿ ನಗುತ್ತಿದ್ದರು. ನಗಲಿ ಬಿಡಿ, ಹುಡುಗರು ಯಾವುದಕ್ಕೆ ನಗುವುದಿಲ್ಲ?

ಈ ಹುಚ್ಚಿಗೆ ಕಾರಣವಿತ್ತು. ಸಾವಿರದೆಂಟುನೂರು ವರ್ಷದ ಹಿಂದೆ, ರೋಮಿನ ಅರಸರ ಕಾಲದಲ್ಲಿ, ಅಲ್ಲೆಲ್ಲೋ ಕೂತ ಒಬ್ಬ ಪಂಡಿತ ತನ್ನ ಭೂಗೋಳದ ಪುಸ್ತಕದಲ್ಲಿ ಬಾದಾಮಿಯ ಹೆಸರು ಬರೆದಿಟ್ಟಿದ್ದಾನಂತೆ. ಮಾಸ್ತರು ಪ್ರತಿ ವರ್ಷ ಒಂಬತ್ತನೇ ಇಯತ್ತೆಗೆ ಇದನ್ನು ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ಅವರಿಗೆ ನಮ್ಮೂರು ಗೊತ್ತಿತ್ತು. ನಾವು ಒಬ್ಬರಾದ್ರೂ ಹೋಗಿ ಅವರೂರು ನೋಡಿ ಬರಬೇಕೋ ಬ್ಯಾಡೋ?"

ಅದರಲ್ಲೂ ಅವರ ಜೀವ ಇದ್ದದ್ದು ಒಂದೇ ಒಂದು ಗುಡಿಯ ಮೇಲೆ. ರೋಮಿನ ಹಳೆಯ ಗುಡಿ ಅದು, ಗುಮ್ಮಟದ ನಟ್ಟನಡುವೆ ದೊಡ್ಡ ದುಂಡನೆಯ ತೂತು. ಮಳೆ ಬಂದರೆ ನೀರು ಸೀದಾ ಒಳಗೇ ಬೀಳುತ್ತದೆ, ಬಿದ್ದ ನೀರು ಹರಿದು ಹೋಗಲು ನೆಲದ ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದಿದ್ದಾರೆ. "ಆ ತೂತಿನ ಕೆಳಗ ಒಂದು ಗಳಿಗಿ ನಿಂತು ಆಕಾಶ ನೋಡಿ ಬಂದ್ರ ಸಾಕು, ಮತ್ತೇನೂ ಬ್ಯಾಡ ನನಗ" ಅಂತ ಹೆಂಡತಿ ಗುರುಲಿಂಗವ್ವನ ಮುಂದೆ ಎಷ್ಟು ಸಲ ಅಂದಿದ್ದರೋ. ಆಕೆಯದು ಒಂದೇ ಉತ್ತರ: "ನಮ್ಮ ಅಡಗಿ ಮನಿ ಹಂಚು ಒಡದು ವರ್ಷ ಆತು. ಅಲ್ಲೇ ನಿಂತು ನೋಡ್ರಿ."

ಎಂಬತ್ತೆರಡನೇ ಇಸವಿಯಲ್ಲಿ ಇಳಕಲ್ಲಿನ ಹೊಳಬಸಪ್ಪ ಸಾಹುಕಾರರು ಒಬ್ಬ ಇಟಲಿಯವನನ್ನು ಕರೆದುಕೊಂಡು ಬಾದಾಮಿಗೆ ಬಂದರು. ಸಾಹುಕಾರರದು ಕಲ್ಲಿನ ಕ್ವಾರಿ. ಇಳಕಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ಇಟಲಿಗೆ ಹೋಗುತ್ತಿತ್ತು, ಇವನು ಅದನ್ನು ಕೊಳ್ಳುವವನು. ಗಿರಾಕಿಗೆ ಗುಹೆ ತೋರಿಸಬೇಕು, ಆದರೆ ಸಾಹುಕಾರರ ಇಂಗ್ಲಿಷು ಎಸ್ ಮತ್ತು ನೋ ದಾಟುತ್ತಿರಲಿಲ್ಲ. ಹೀಗಾಗಿ ಸಂಗಯ್ಯ ಮಾಸ್ತರಿಗೆ ಕರೆ ಬಂತು. ಮಾಸ್ತರು ಅವನಿಗೆ ಗುಹೆ ತೋರಿಸಿದ್ದು ಅರ್ಧ ತಾಸು, ರೋಮಿನ ಬಗ್ಗೆ ಕೇಳಿದ್ದು ಮೂರು ತಾಸು. ಅವನು ಬೆರಗಾಗಿ, ತನ್ನ ಚೀಲದಲ್ಲಿದ್ದ ರೋಮಿನ ನಕಾಶೆಯನ್ನು ಮಾಸ್ತರ ಕೈಗಿಟ್ಟು, ಸಾಹುಕಾರರ ಕಡೆ ತಿರುಗಿ, ಈ ಮನುಷ್ಯನನ್ನು ಕರೆದುಕೊಂಡು ನೀವೆಲ್ಲ ನಮ್ಮ ಊರಿಗೆ ಬರಲೇಬೇಕು ಅಂದ. ಆ ಮಾತನ್ನು ಸಾಹುಕಾರರಿಗೆ ಕನ್ನಡದಲ್ಲಿ ಹೇಳಿದವರೂ ಮಾಸ್ತರೇ. ಆಗ ನಾಚಿಕೆಯಾಗಿ "ಈ ಮನುಷ್ಯನನ್ನು" ಅನ್ನುವುದನ್ನು ನುಂಗಿಬಿಟ್ಟರು. ಪುಣ್ಯಾತ್ಮ!

ಮುಂದಿನ ವರ್ಷ ಖರೇನೇ ಪತ್ರ ಬಂತು. ಎಂಟು ಜನ ಬರಲಿ, ಹತ್ತು ದಿನದ ವಸತಿ, ತಿರುಗಾಟದ ಮೋಟಾರು ತನ್ನದು, ವಿಮಾನದ ಟಿಕೆಟ್ ಅವರವರದು. ಸಾಹುಕಾರರು ತಮ್ಮ ಗೆಳೆಯರನ್ನು ಆರಿಸಿದರು. ಬಾಗಲಕೋಟೆಯ ವಕೀಲರು, ಗುಳೇದಗುಡ್ಡದ ಖಣದ ವ್ಯಾಪಾರಿ, ಹುನಗುಂದದಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಮುರ್ತುಜಸಾಬ, ಹೀಗೆ ಮಾಸ್ತರೂ ಸೇರಿ ಎಂಟು ಜನ. ಏರ್ಪಾಡೆಲ್ಲ ಮಾಸ್ತರ ಕೊರಳಿಗೆ ಬಿತ್ತು. ಬೀಳಲಿ ಅಂತಲೇ ಅವರು ಕೊರಳೊಡ್ಡಿ ಕೂತಿದ್ದರು. ಟಿಕೆಟಿಗೆಂದು ಪ್ರಾವಿಡೆಂಟ್ ಫಂಡಿಗೆ ಕೈ ಹಾಕಿದಾಗಲೂ ಗುರುಲಿಂಗವ್ವ ಏನೂ ಅನ್ನಲಿಲ್ಲ. ಬದಲಿಗೆ ತನ್ನ ಹಳೆಯ ಖಣದ ಕುಪ್ಪಸವೊಂದನ್ನು ಕತ್ತರಿಸಿ, ಮೈದಾ ಹಿಟ್ಟಿನ ಅಂಟು ಕುದಿಸಿ, ಆ ನಕಾಶೆಯ ಬೆನ್ನಿಗೆ ಅಂಟಿಸಿಕೊಟ್ಟಳು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಅದು ಹರಿಯುವುದಕ್ಕೆ ಬಂದಿತ್ತು.

ಪ್ರತಿ ಭಾನುವಾರ ಶಾಲೆಯ ಬಯಲಿನಲ್ಲಿ ತಾಲೀಮು. ಮಾಸ್ತರು ಸುಣ್ಣದ ಪುಡಿ ಹಾಕಿ ನೆಲದ ಮೇಲೆ ರೋಮ್ ಬರೆಯುತ್ತಿದ್ದರು. ಇದು ಹೊಳೆ, ಇದು ಸೇತುವೆ, ಇದು ಕಾಳಗದ ದೊಡ್ಡ ಅಖಾಡ. ಉಳಿದ ಏಳೂ ಜನ ಧೋತರದ ಚುಂಗು ಹಿಡಿದುಕೊಂಡು ಆ ಗೆರೆಗಳ ಮೇಲೆ ನಡೆಯಬೇಕು. "ವಕೀಲರ, ಹೊಳ್ಯಾಗ ನಿಂತೀರಿ, ಈಚೆ ಬರ್ರಿ!" ಅಂತ ಮಾಸ್ತರು ಗದರಿದರೆ ಕಂಪೌಂಡಿನಾಚೆ ನಿಂತ ಜನಕ್ಕೆ ನಗು. ಹತ್ತೂ ದಿನದ ತಿರುಗಾಟ ಒಂದು ನೋಟಬುಕ್ಕಿನಲ್ಲಿ ಬರೆದಾಗಿತ್ತು. ಖಡಕ್ ರೊಟ್ಟಿ ಯಾರು ತರಬೇಕು, ಶೇಂಗಾ ಚಟ್ನಿ ಯಾರು, ಬೆಳಗಿನ ಲಿಂಗಪೂಜೆಗೆ ನೀರು ಎಲ್ಲಿ ಅನ್ನುವುದು ಸಹ. ರೋಮಿನ ಬೀದಿಯ ನಳಗಳಲ್ಲಿ ಹಗಲು ರಾತ್ರಿ ಒಳ್ಳೆಯ ನೀರು ಹರಿಯುತ್ತದೆ ಅಂತ ಅವರು ಓದಿ ಇಟ್ಟುಕೊಂಡಿದ್ದರು. ಸಾಹುಕಾರರು ಇಷ್ಟೆಲ್ಲ ಕೇಳಿ ಕೇಳುತ್ತಿದ್ದದ್ದು ಒಂದೇ: "ಬಿಸಿನೀರು ಸಿಗ್ತಾವೇನ್ರಿ?"

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಾಸ್ತರು ಅಯ್ಯನವರ, ಅಂದರೆ ಜಂಗಮರ ಮನೆತನದವರು, ಭಕ್ತರ ಮನೆಯ ಊಟ ಚಿಕ್ಕಂದಿನಿಂದ ರೂಢಿ. ತಾಯಿ ಅವರನ್ನು ಮೊದಲ ಸಲ ಊಟಕ್ಕೆ ಕಳಿಸುವಾಗ ಗಲ್ಲ ಹಿಡಿದು ಹೇಳಿದ್ದಳು: "ಬಡಿಸಾಕ ಬಂದ್ರ ಎರಡು ಸಲ ಬ್ಯಾಡ ಅನ್ನು. ಮೂರನೇ ಸಲಕ್ಕ ಹಾಕಿಸ್ಕೋ. ಮೊದಲನೇ ಸಲಕ್ಕ ತಾಟು ಒಡ್ಡಿದ್ರ ಹೊಟ್ಟಿಬಾಕ ಅಂತಾರ." ಅಯ್ಯನವರದಷ್ಟೇ ಅಲ್ಲ, ಬಾಗಲಕೋಟೆಯಿಂದ ಹುನಗುಂದದ ತನಕ ಮರ್ಯಾದಸ್ತರೆಲ್ಲ ಹೀಗೆಯೇ. ತಾಟಿನ ಮೇಲೆ ಕೈ ಅಡ್ಡ ಹಿಡಿದವನ ಕೈ ಸರಿಸಿ ಬಡಿಸುವುದು ಮನೆಯವರ ಧರ್ಮ. ಬೇಡ ಅಂದವನಿಗೂ ಗೊತ್ತು, ಬಡಿಸುವವನಿಗೂ ಗೊತ್ತು. ಊಟಕ್ಕಷ್ಟೇ ಅಲ್ಲ, ಜಮಖಾನೆಯ ಮೇಲಿನ ಜಾಗಕ್ಕೆ, ಸಭೆಯ ಕುರ್ಚಿಗೆ, ಮೈಗೆ ಹೊದಿಸುವ ಶಾಲಿಗೂ ಇದೇ ಲೆಕ್ಕ.

ಎಂಬತ್ತನಾಲ್ಕರ ಫೆಬ್ರುವರಿ, ಒಂದು ಶುಕ್ರವಾರ. ಹೆಸರುಗಳ ಯಾದಿ ಬರೆದು ಇಟಲಿಗೆ ಕಳಿಸುವ ದಿನ. ಇಳಕಲ್ಲಿನ ಸಾಹುಕಾರರ ಮನೆಯಲ್ಲಿ ಎಂಟೂ ಜನಕ್ಕೆ ಹೋಳಿಗೆ ಊಟ. ಸಾಹುಕಾರರು ತಾವೇ ಪಂಕ್ತಿಯಲ್ಲಿ ಓಡಾಡಿ ಬಡಿಸಿದರು. ಮಾಸ್ತರು ಎರಡು ಸಲ ಕೈ ಅಡ್ಡ ಹಿಡಿದರು. ಸಾಹುಕಾರರು "ನಮ್ಮ ಮನ್ಯಾಗ ಇದು ನಡಿಯೂದಿಲ್ರಿ" ಅಂತ ಮೂರನೇ ಸಲ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಊಟ ಮುಗಿದು ಮುರ್ತುಜಸಾಬ ನಮಾಜಿಗೆಂದು ಎದ್ದು ಹೋದ. ಉಳಿದವರು ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಾಸ್ತರು ದಪ್ಪ ಕಾಗದ ತೆಗೆದು, ಪೆನ್ನಿಗೆ ಮಸಿ ತುಂಬಿ, ಒಂದನೇ ನಂಬರಿಗೆ ಹೊಳಬಸಪ್ಪನವರ ಹೆಸರು ಬರೆದರು.

"ಒಂದು ಮಾತು" ಅಂದರು ಸಾಹುಕಾರರು. "ನಮ್ಮ ಬಾಗಲಕೋಟಿ ಅಳಿಯ ಮುನಿಸ್ಕೊಂಡು ಕುಂತಾನ್ರಿ. ನನ್ನ ಬಿಟ್ಟು ಹ್ಯಾಂಗ ಹೋಗ್ತೀರಿ ಅಂತಾನ. ಮದುವಿ ಆಗಿ ಇನ್ನ ಎಂಟು ತಿಂಗಳು, ಹೊಸ ಅಳಿಯ. ಎಂಟ ಮಂದಿ ಅಂತ ಪತ್ರದಾಗ ಬರದಾರ. ಹಿಂಗಾಗಿ ಯಾರಾದ್ರೂ ಒಬ್ಬರು…"

ಎಲ್ಲರ ಬಾಯಲ್ಲೂ ಎಲೆ ಅಡಿಕೆ. ವಕೀಲರು ಛಾವಣಿ ನೋಡಿದರು, ಖಣದ ವ್ಯಾಪಾರಿ ತನ್ನ ಹೆಬ್ಬೆರಳಿನ ಸುಣ್ಣ ನೋಡಿಕೊಂಡ. ಆ ಮೌನ ಮಾಸ್ತರಿಗೆ ತಡೆಯಲಾಗಲಿಲ್ಲ. ದೊಡ್ಡ ಮನುಷ್ಯ, ಉಂಡ ಮನೆ, ಮಾತು ನೆಲಕ್ಕೆ ಬೀಳಬಾರದು. "ಅದಕ್ಕೇನ್ರಿ ಸಾಹುಕಾರ್ರ, ನಂದು ಬಿಡ್ರಿ. ನಾ ಮತ್ತ್ಯಾವಾಗರೆ ಹೋದರಾತು" ಅಂದುಬಿಟ್ಟರು.

ಅಂದು, ಪೆನ್ನು ಹಿಡಿದುಕೊಂಡು ಕಾದರು. ಈಗ ಯಾರಾದರೂ "ಏ ಏ ಮಾಸ್ತರ, ನೀವಿಲ್ಲದ ಹ್ಯಾಂಗ್ರಿ!" ಅಂತಾರೆ. ತಾನು ಇನ್ನೊಮ್ಮೆ ಬೇಡ ಅನ್ನುವುದು. ಆಮೇಲೆ ಸಾಹುಕಾರರು ಭುಜ ಹಿಡಿದು ಅಲುಗಿಸುವುದು, ಎಲ್ಲರೂ ನಗುವುದು, ಅಳಿಯನಿಗೆ ಬೇರೆ ದಾರಿ ಹುಡುಕುವುದು. ಎಲ್ಲ ಕಣ್ಣ ಮುಂದೆ ಕಟ್ಟಿತ್ತು ಅವರಿಗೆ.

ಸಾಹುಕಾರರು ಎರಡೂ ಕೈ ಜೋಡಿಸಿದರು. "ಇದಕ್ಕ ಅಂತಾರ ನೋಡ್ರಿ ದೊಡ್ಡ ಮನಸು! ಮಾಸ್ತರ, ನಮ್ಮ ಮರ್ಯಾದಿ ಉಳಿಸಿದ್ರಿ. ಹಾಂ, ಬರಕೋರಿ ಅಳಿಯನ ಹೆಸರು."

ಮುಗಿಯಿತು. ಹೋಳಿಗೆಗೆ ಮೂರು ಸಲ ಒತ್ತಾಯ ಮಾಡಿದ ಬಾಯಿ ರೋಮಿಗೆ ಒಂದು ಸಲವೂ ಮಾಡಲಿಲ್ಲ. ಮಾಸ್ತರು ತಮ್ಮ ಮುದ್ದಾದ ಅಕ್ಷರದಲ್ಲಿ ಆ ಅಳಿಯನ ಹೆಸರು ಬರೆದರು. ಪೆನ್ನಿನಿಂದ ಒಂದು ಹನಿ ಮಸಿ ಬಿತ್ತು. ಹಾಳೆ ಕೆಟ್ಟಿತೆಂದು ಮತ್ತೊಂದು ಹಾಳೆ ತೆಗೆದು, ಎಂಟೂ ಹೆಸರು ಮೊದಲಿನಿಂದ ಬರೆದುಕೊಟ್ಟರು. ಎಂಥ ಹಣೆಬರಹ ನೋಡಿ!

ನಮಾಜು ಮುಗಿಸಿ ಬಂದ ಮುರ್ತುಜಸಾಬನಿಗೆ ಸಂಗತಿ ಗೊತ್ತಾಗಿ, ಮಾಸ್ತರನ್ನು ಅಂಗಳಕ್ಕೆ ಎಳೆದುಕೊಂಡು ಹೋದ. "ಯಾಕ ಹಂಗಂದ್ರಿ? ಅದು ಊಟಕ್ಕ ಕುಂತಾಗ ಅನ್ನೋ ಮಾತಲ್ಲೇನ್ರಿ! ಬರ್ರಿ ಒಳಗ, ನಾ ಹೇಳ್ತೇನಿ ಸಾಹುಕಾರ್ರಿಗೆ."

"ಬ್ಯಾಡ ಮುರ್ತುಜಸಾಬ. ಕೊಟ್ಟ ಮಾತು ಹೋತು. ಪಾಪ, ಅವರು ಸೀದಾ ಮನುಷ್ಯರು, ನಾ ಖರೇನ ಅಂದೆ ಅಂತ ತಿಳದಾರ. ಈಗ ಹೋಗಿ ಬೇಡಿದ್ರ ನನ್ನ ಮಾನ ಎಲ್ಲಿ ಉಳೀತು?"

ಮಾನ ಅಂತೆ! ಬಸ್ಸಿನಲ್ಲಿ ಬಾದಾಮಿಗೆ ಬರುವಾಗ ಇದೊಂದನ್ನೇ ಮಂತ್ರದ ಹಾಗೆ ಅಂದುಕೊಂಡರು. ಸಾಹುಕಾರರದು ತಪ್ಪಿಲ್ಲ, ಸೀದಾ ಮನುಷ್ಯ, ತನ್ನ ನಾಲಿಗೆಯದೇ ತಪ್ಪು. ಗುರುಲಿಂಗವ್ವ ಎಲ್ಲ ಕೇಳಿದಳು. ಆಮೇಲೆ "ಪಾಸಪೋರ್ಟ ಎಲ್ಲಿಡ್ಲಿ?" ಅಂದಳು. ಅದಕ್ಕಾಗಿ ಎರಡು ಸಲ ಬೆಂಗಳೂರಿಗೆ ಹೋಗಿ ಬಂದಿದ್ದರು, ಪೊಲೀಸರು ಮನೆಗೆ ಬಂದು ವಿಚಾರಿಸಿದಾಗ ಓಣಿಯವರೆಲ್ಲ ಗಾಬರಿಯಾಗಿದ್ದರು. ಅದು ಟ್ರಂಕಿನ ತಳ ಸೇರಿತು.

ಮೇ ತಿಂಗಳಲ್ಲಿ ಎಂಟು ಜನ ಹೊರಟರು. ಮಾಸ್ತರು ಬಾಗಲಕೋಟೆಯ ಸ್ಟೇಷನ್ನಿಗೆ ಹೋಗಿ ಗುರುಲಿಂಗವ್ವ ದಾರ ಸುತ್ತಿ ಗಂಟು ಹಾಕಿಕೊಟ್ಟಿದ್ದ ನಕಾಶೆ, ನೋಟಬುಕ್ಕು ಎರಡನ್ನೂ ಸಾಹುಕಾರರ ಕೈಗೆ ಕೊಟ್ಟು, ಹಾರ ಹಾಕಿ ಬಂದರು. ಮುಂದಿನ ಹತ್ತು ದಿನ ಅವರು ಬಾದಾಮಿಯಲ್ಲಿ ಇರಲೇ ಇಲ್ಲ ಅನ್ನಬೇಕು. ಬೆಳಿಗ್ಗೆ ಎದ್ದು "ಈಗ ಸೇತುವಿ ದಾಟಿರಬೇಕು", ಮಧ್ಯಾಹ್ನ ತಾಟಿನ ಮುಂದೆ "ಈಗ ಕಾರಂಜಿ ಹಂತ್ಯಾಕ ಕುಂತು ರೊಟ್ಟಿ ತಿಂತಿರಬೇಕು". ಐದನೇ ದಿನ ತೂತಿನ ಗುಡಿ. ಆ ದಿನ ಅಡಿಗೆ ಮನೆಯ ಒಡೆದ ಹಂಚಿನ ಕೆಳಗೆ ಹೋಗಿ ನಿಂತರು. ಗುರುಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಅವರು ನೋಡಲಿಲ್ಲ.

ಹೋದವರು ಮರಳಿ ಬಂದರು. ತಿಂಗಳಾದರೂ ಯಾರೂ ಬಾದಾಮಿಯ ಕಡೆ ಸುಳಿಯಲಿಲ್ಲ, ಮುರ್ತುಜಸಾಬ ಸಹ. ಅವನಿಗೆ ಮುಖ ತೋರಿಸುವ ಧೈರ್ಯ ಇರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಗುರುಲಿಂಗವ್ವ ಸ್ನಾನದ ನೀರಿಗೆ ಒಲೆ ಹೊತ್ತಿಸುತ್ತಿದ್ದಾಗ, ಬಾಗಿಲಲ್ಲಿ ಮೋಟಾರು ನಿಂತಿತು. ಹೊಳಬಸಪ್ಪ ಸಾಹುಕಾರರು ಇಳಿದರು. ಕಂಕುಳಲ್ಲಿ ಒಂದು ಕಟ್ಟು ಬಿಳಿ ಹಾಳೆ, ಕೈಯಲ್ಲಿ ನಕಾಶೆ.

"ನಿಮ್ಮ ನಕಾಶಿ ತಗೋರಿ" ಅಂತ ಅದನ್ನು ಜಮಖಾನೆಯ ಮೇಲೆ ಇಟ್ಟರು. ಗುರುಲಿಂಗವ್ವ ಹಾಕಿದ ದಾರದ ಗಂಟು ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ.

ಮಾಸ್ತರು ಆ ಗಂಟಿನ ಮೇಲೆ ಬೆರಳಾಡಿಸಿದರು. "ತೂತಿನ ಗುಡಿ ನೋಡಿದ್ರೇನ್ರಿ?"

"ಅದಾ? ಅದರ ಬಾಜೂನ ಹೋಗಿದ್ವಿ. ಅಳಿಯಗ ಬೂಟು ತಗೊಳ್ಳೋದಿತ್ತು, ಅಂಗಡಿ ಮುಚ್ತಾವ ಅಂದ್ರು, ಒಳಗ ಹೋಗಾಕ ಆಗ್ಲಿಲ್ಲ. ಎಲ್ಲಾ ಹಳೇ ಕಲ್ಲು ಬಿಡ್ರಿ, ನಮ್ಮ ಪಟ್ಟದಕಲ್ಲಿನಂಗ." ಸಾಹುಕಾರರು ಹಾಳೆಯ ಕಟ್ಟನ್ನು ಮುಂದೆ ತಳ್ಳಿದರು. "ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಮುಂದಿನ ತಿಂಗಳು ಇಳಕಲ್ಲಿನಾಗ ನನಗ ಸತ್ಕಾರ ಇಟ್ಟಾರ. ನಾ ಕಂಡ ರೋಮ್ ಅಂತ ಮಾತಾಡಬೇಕಂತ, ಪುಸ್ತಕಾನೂ ಅಚ್ಚು ಹಾಕಿಸ್ತಾರಂತ. ನೀವು ಬರದು ಕೊಡ್ರಿ. ಆ ತೂತಿನ ಗುಡೀದು ಚಲೋತ್ನಾಗಿ ಬರೀರಿ, ನಾ ಕೆಳಗ ನಿಂತು ಆಕಾಶ ನೋಡಿದಂಗ."

ಮಾಸ್ತರು ಹಾಳೆಯ ಕಟ್ಟನ್ನು ಹಿಂದಕ್ಕೆ ಸರಿಸಿದರು. "ಇಲ್ರಿ. ನನಗಾಗೂದಿಲ್ಲ."

"ಹೇ, ನಿಮಗಾಗದಿದ್ರ ಮತ್ಯಾರಿಗೆ ಆಗ್ತದ?"

"ಬ್ಯಾಡ್ರಿ ಸಾಹುಕಾರ್ರ. ಖರೇನ ಹೇಳ್ತೇನಿ, ನಾ ಬರಿಯೂದಿಲ್ಲ."

"ಬರೀತೀರಿ, ಬರೀತೀರಿ."

"ಕೈ ಮುಗೀತೇನ್ರಿ, ಬ್ಯಾಡ!" ಮಾಸ್ತರು ಖರೇನೇ ಎರಡೂ ಕೈ ಮುಗಿದರು.

ಸಾಹುಕಾರರು ಹೊಟ್ಟೆ ಅಲುಗಿಸಿ ನಕ್ಕರು. ಎದ್ದು, ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. "ಆತಲ್ಲ, ಎರಡರ ಮ್ಯಾಲ ಒಂದು, ಮೂರು ಸಲ ಆತು. ನೀವು ಅಯ್ನೋರು, ಎರಡು ಸಲ ಬ್ಯಾಡ ಅನ್ನದ ಯಾವುದಕ್ಕ ಹೂಂ ಅಂದೀರಿ? ನಮಗೇನು ಗೊತ್ತಿಲ್ಲೇನ್ರಿ ನಿಮ್ಮ ಪದ್ಧತಿ? ಎಂಟು ದಿನ ಬಿಟ್ಟು ಆಳು ಕಳಸ್ತೇನಿ, ಕೊಟ್ಟು ಕಳಸ್ರಿ."

ಮೋಟಾರು ಹೊರಟುಹೋಯಿತು. ಮಾಸ್ತರು ಕೂತಲ್ಲೇ ಕೂತರು. ನಮಗೇನು ಗೊತ್ತಿಲ್ಲೇನ್ರಿ ಅಂದ. ಗೊತ್ತಿತ್ತು! ಆ ಶುಕ್ರವಾರವೂ ಗೊತ್ತಿತ್ತು. ತಾನು ಪೆನ್ನು ಹಿಡಿದು ಕಾಯುತ್ತ ಕೂತದ್ದು, ಯಾವ ಮಾತಿಗೆ ಕಾಯುತ್ತಿದ್ದೆ ಅನ್ನುವುದು, ಎಲ್ಲ ಗೊತ್ತಿದ್ದೇ ಆ ಸೀದಾ ಮನುಷ್ಯ ಕೈ ಜೋಡಿಸಿದ್ದ. ಕೂತಿದ್ದವರಿಗೆಲ್ಲ ಗೊತ್ತಿತ್ತು. ನಾಲ್ಕು ತಿಂಗಳಿಂದ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡು ಬದುಕಿದ ಮನುಷ್ಯನಿಗೆ ಈಗ ಶಪಿಸಲು ಅದೂ ಉಳಿಯಲಿಲ್ಲ.

ಗುರುಲಿಂಗವ್ವ ಬಚ್ಚಲಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹಾಳೆಯ ಕಟ್ಟು ತೋರಿಸಿ, "ಇವನ್ನೇನು ಮಾಡ್ಲಿ?" ಅಂದಳು.

"ಒಲಿಗೆ ಹಾಕು."

ಗುರುಲಿಂಗವ್ವ ಎರಡನೇ ಸಲ ಕೇಳಲಿಲ್ಲ. ಕಟ್ಟನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಅಂದು ಸ್ನಾನದ ನೀರು ಬೇಗ ಕಾಯಿತು.