ಹಡಗಿನಲ್ಲಿ ಬಂದ ಮಳೆ

ನಾನು ನಿಂತಿದ್ದು ಕೆರೆಯ ಏರಿಯ ಮೇಲೆ, ಪಂಪಿನ ಚಪ್ಪರದ ಎಡಕ್ಕೆ, ನೀರಿಗಿಳಿಯುವ ಕಲ್ಲುಮೆಟ್ಟಿಲುಗಳ ತುದಿಯಲ್ಲಿ. ಫೆಬ್ರವರಿಯ ಕೊನೆಯ ಸೋಮವಾರ, ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಕೊಡಗು ಆಗಿನ್ನೂ ಬೇರೆಯೇ ರಾಜ್ಯವಾಗಿತ್ತು. ಮೈಸೂರಿಗೆ ಸೇರಿದ್ದು ಅದಾದ ಎರಡು ವರ್ಷಕ್ಕೆ. ನನ್ನ ಕೈಯಲ್ಲಿ ನಾನೇ ಬರೆದ ಒಂದು ಹಾಳೆಯಿತ್ತು. ಅದರಲ್ಲಿದ್ದದ್ದು ತಪ್ಪಿರಬಹುದೆಂದು ಹಿಂದಿನ ಸಂಜೆಯೇ ನನಗೆ ಗೊತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಚೆಟ್ಟಳ್ಳಿಯಿಂದ ಕೆಳಗಿದ್ದ ಆ ಕಾಫಿ ಎಸ್ಟೇಟು ಲಂಡನ್ನಿನ ಒಂದು ಕಂಪನಿಯದು. ನಾನು ಅಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಕೆಳಗಿನ ಬ್ಲಾಕು ನಲವತ್ತು ಎಕರೆ ರೊಬಸ್ಟಾ. ಎರಡು ವರ್ಷ ಸತತವಾಗಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟು ಅಲ್ಲಿ ಫಸಲೇ ಆಗಿರಲಿಲ್ಲ. ಮೂರನೇ ವರ್ಷವೂ ಹೀಗೇ ಆದರೆ ಬ್ಲಾಕನ್ನು ಮಾರುವುದೆಂದು ಕಂಪನಿ ತೀರ್ಮಾನಿಸಿತ್ತು. ಕೊಳ್ಳಲು ಬಂದಿದ್ದವರು ತಮ್ಮ ಆಳುಗಳನ್ನೇ ತರುವವರು. ಅಂದರೆ ಬ್ಲಾಕಿನ ಲೈನುಮನೆಗಳಲ್ಲಿ, ಆಳುಗಳ ಸಾಲುಮನೆಗಳಲ್ಲಿ, ಇದ್ದ ಮೂವತ್ತು ಸಂಸಾರಗಳು ಮಳೆಗಾಲದೊಳಗೆ ಗಂಟುಮೂಟೆ ಕಟ್ಟಬೇಕು.

ಮಾರುವ ಮೊದಲು ಕಂಪನಿ ಒಂದು ಕೊನೆಯ ಪ್ರಯತ್ನ ಮಾಡಿತು. ಒಂದು ಡೀಸೆಲ್ ಪಂಪು, ಹಗುರವಾದ ಅಲ್ಯೂಮಿನಿಯಂ ಪೈಪುಗಳು, ನೀರು ಚಿಮ್ಮುವ ತಿರುಗುಮೂತಿಗಳು, ಎಲ್ಲ ಹಡಗಿನಲ್ಲಿ ಮಂಗಳೂರಿಗೆ ಬಂದು, ಲಾರಿಯಲ್ಲಿ ಸಂಪಾಜೆ ಘಾಟಿ ಹತ್ತಿದವು. ಈ ತೋಟವನ್ನು ಎಂದೂ ಕಾಣದ ಜನ ಸಮುದ್ರದ ಆಚೆ ಕುಳಿತು ಇಷ್ಟೆಲ್ಲ ಕಳಿಸಿದ್ದು ನನಗೆ ಇವತ್ತಿಗೂ ದೊಡ್ಡದಾಗಿಯೇ ಕಾಣುತ್ತದೆ. ಪೈಪು ಹೊತ್ತ ಹೆಂಗಸರಿಗೆ ಮಾತ್ರ ಅದು ನಗೆಯ ವಿಷಯ.

“ಅಕ್ಕಾ, ಈ ಸಲ ಮಳೆ ಹಡಗಲ್ಲಿ ಬಂದೈತಂತೆ.”

“ಬರ್ಲಿ ಬಿಡು. ಇಲ್ಲಿದ್ದ ಮಳೆಗೆ ದಾರಿ ಮರ್ತೋಗಿ ಎರಡು ವರ್ಷಾಯ್ತು.”

“ಮಾತು ಸಾಕು,” ಎಂದರು ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿಯ ಹೆಂಡತಿ. “ಪೈಪು ನೆಗ್ಗಿದ್ರೆ ನಿಮ್ಮಪ್ಪ ಲಂಡನ್ನಿಗೆ ಹೋಗಿ ತರ್ತಾನಾ?”

ಕಾಫಿಯ ಮೊಗ್ಗು ವಿಚಿತ್ರ. ಬಲಿತು ಗಿಡದಲ್ಲೇ ಕಾದಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಒಂಬತ್ತನೇ ದಿನಕ್ಕೆ ಬೆಳ್ಳಗೆ ಅರಳುತ್ತದೆ. ಬರೀ ನೆನೆಸುವಷ್ಟು ಬಿದ್ದರೆ ಅರೆಬರೆ ತೆರೆದು, ಕೆಂಪಗಾಗಿ, ಕಾಯಿ ಕಚ್ಚದೆ ಉದುರಿಹೋಗುತ್ತದೆ. ಒಣಗಿರುವುದಕ್ಕಿಂತ ಅರೆನೀರು ಕೆಟ್ಟದ್ದು.

ಕಂಪನಿಯ ಪರವಾಗಿ ನೋಡಲು ಒಬ್ಬರು ಬಂದಿದ್ದರು. ಲಂಡನ್ ದೊರೆ ಎಂದು ಎಲ್ಲರೂ ಕರೆಯುತ್ತಿದ್ದರು. ಪಂಪು ಶುರುವಾದ ನಾಲ್ಕನೇ ದಿನ ಅವರು ಹೊರಡುವವರು. ಅಷ್ಟರೊಳಗೆ ಇಡೀ ಬ್ಲಾಕು ನೆನೆದದ್ದನ್ನು ಅವರಿಗೆ ತೋರಿಸಬೇಕೆಂದು ನಮ್ಮ ಮ್ಯಾನೇಜರ್ ದೊರೆ ಯೋಜನೆ ಮಾಡಿದ್ದರು. ಮೊದಲ ಮೂರು ದಿನ ನಲವತ್ತು ಎಕರೆಗೂ ಅರ್ಧರ್ಧ ನೀರು. ಆಮೇಲೆ ಎರಡನೇ ಸುತ್ತಿನಲ್ಲಿ ಉಳಿದರ್ಧ. ಕೆರೆಯಲ್ಲಿ ಏಳಡಿ ನೀರಿದೆ ಎಂಬ ನನ್ನ ಹಾಳೆಯನ್ನು ನಂಬಿ ಮಾಡಿದ ಯೋಜನೆ ಅದು. ಮೊದಲ ಸುತ್ತಿಗೇ ಕೆರೆ ಬರಿದಾದರೆ ನಲವತ್ತು ಎಕರೆಯೂ ಅರೆನೀರಿನಲ್ಲೇ ನಿಲ್ಲುತ್ತಿತ್ತು.

ಅಳೆದದ್ದು ನಾನೇ. ಬಿದಿರುಕೋಲಿನಲ್ಲಿ. ಹಿಂದಿನ ಸಂಜೆ ಮೇಸ್ತ್ರಿ ನನ್ನ ಆಫೀಸಿನ ಬಾಗಿಲಿಗೆ ಬಂದರು. ಹಾಸನದ ಕಡೆಯಿಂದ ಬಂದ ಮನೆತನ. ಅವರ ತಂದೆಯೂ ಇದೇ ತೋಟದಲ್ಲಿ ದುಡಿದವರು.

“ರೈಟ್ರೇ, ಕೋಲು ಎಷ್ಟು ಇಳೀತು?”

“ಏಳಡಿ.”

“ಇಳೀತೋ, ಇಳಿಸಿದ್ರೋ?”

“ತಳ ಸಿಗೋವರೆಗೂ ಒತ್ತಿದೆ.”

“ಒತ್ತಿದ್ರೆ ಪಾತಾಳಾನೂ ಸಿಗ್ತದೆ. ಆ ಕೆರೆ ಹೂಳು ತೆಗ್ದಿದ್ದು ನಮ್ಮಪ್ಪನ ಕಾಲ್ದಲ್ಲಿ. ಮೇಲೆ ಎರಡಡಿ ನೀರಿದ್ರೆ ಹೆಚ್ಚು.”

“ಬರೆದು ಕೊಟ್ಟಾಗಿದೆ ಮೇಸ್ತ್ರಿ.”

“ನಿಮ್ಮ ಹಾಳೆ ಓದ್ಕೊಂಡು ಮೊಗ್ಗು ಅರಳ್ತದಾ?”

ನಾನು ಎದ್ದು ಆಫೀಸಿಗೆ ಬೀಗ ಹಾಕಿದೆ. ತಪ್ಪು ಒಪ್ಪಿಕೊಂಡರೆ ಕೆಲಸ ಹೋಗುತ್ತದೆಂಬ ಹೆದರಿಕೆ.

ಸೋಮವಾರ ಪಂಪು ಶುರುಮಾಡುವ ಮೊದಲು ಮೇಸ್ತ್ರಿ ಇಬ್ಬರು ದೊರೆಗಳ ಮುಂದೆ ಹೋಗಿ ತಲೆಯ ಟವಲು ತೆಗೆದರು. “ದೊರೆ, ನೀರು ಸಾಲ್ದು.”

ಮ್ಯಾನೇಜರ್ ದೊರೆಗೆ ಕನ್ನಡ ಬರುತ್ತಿತ್ತು. “ರೈಟರ್ ಏಳು ಅಡಿ ಬರೆದಿದಾರೆ,” ಎಂದು ನನ್ನ ಕೈಯ ಹಾಳೆಯನ್ನು ತೋರಿಸಿದರು.

ಮೇಸ್ತ್ರಿ ನನ್ನ ಕಡೆ ನೋಡಿದರು. ನನ್ನ ಹೆಸರು ಎತ್ತಲಿಲ್ಲ. “ಹಾಳೇಲಿ ಐತೆ ದೊರೆ, ಕೆರೇಲಿ ಇಲ್ಲ,” ಎಂದು ಹೇಳಿ ಮೆಟ್ಟಿಲಿಳಿದು ನೀರಿಗೆ ನಡೆದರು.

ಮೂರನೇ ಹೆಜ್ಜೆಗೆ ಅವರ ಕಾಲು ಹೂತುಕೊಂಡಿತು. ಕಿತ್ತುಕೊಳ್ಳಲು ಹೋದಾಗ ಇನ್ನಷ್ಟು ಇಳಿದರು. ನೀರು ಎದೆಗೆ ಬಂತು. ಅಲ್ಲಾಡಿದರೆ ಕೆಡುತ್ತದೆಂದು ತಿಳಿದವರ ಹಾಗೆ ಅವರು ಎರಡೂ ಕೈ ಅಗಲಿಸಿ ನಿಂತುಬಿಟ್ಟರು. ಅವರ ಹೆಂಡತಿ ಕೂಗಲಿಲ್ಲ. ರಾಶಿಯಿಂದ ಒಂದು ಪೈಪನ್ನೆತ್ತಿ ಮೆಟ್ಟಿಲಿಗೆ ಓಡಿ ಅದರ ತುದಿಯನ್ನು ಗಂಡನ ಕಡೆ ಚಾಚಿದರು. ಅವರ ಹಿಂದೆ ಅದೇ ಪೈಪನ್ನು ಹಿಡಿದವರು ಲಂಡನ್ ದೊರೆ. ಬೂಟು ಕಾಲಲ್ಲೇ ನೀರಿಗಿಳಿದಿದ್ದರು. ಪಂಪಿನ ಡ್ರೈವರ್ ಆ ದೊರೆಯ ಸೊಂಟದ ಬೆಲ್ಟನ್ನು ಹಿಡಿದು ಹಿಂದಕ್ಕೆ ಜಗ್ಗಿದ. ಐದು ನಿಮಿಷ ಹಿಡಿದಿರಬಹುದು. ನಾನು ಹಾಳೆ ಹಿಡಿದು ನಿಂತೇ ಇದ್ದೆ.

ಕಾಲು ಬಿಡಿಸಿಕೊಂಡು ಮೇಸ್ತ್ರಿ ಮೆಟ್ಟಿಲ ಮೇಲೆ ಬಂದು ನಿಂತರು. ತೊಡೆಯವರೆಗೆ ಕಪ್ಪು ಹೂಳು ಮೆತ್ತಿತ್ತು. ಅಲ್ಲಿಂದ ಎದೆಯವರೆಗೆ ಬರೀ ಒದ್ದೆ. ಅದರ ಮೇಲೆ ಅಂಗಿ ಒಣಗಿಯೇ ಇತ್ತು. ಒಂದು ಕೈಯನ್ನು ತೊಡೆಗೆ, ಇನ್ನೊಂದನ್ನು ಎದೆಗೆ ಇಟ್ಟು, “ನೀರು ಇಷ್ಟೇ,” ಎಂದರು.

“ನನ್ನ ಗಂಡನ್ನೇ ಅಳತೆಗೋಲು ಮಾಡಿದ್ರಲ್ಲ ರೈಟ್ರೇ,” ಎಂದರು ಅವರ ಹೆಂಡತಿ.

ಲಂಡನ್ ದೊರೆ ನನ್ನ ಕಡೆ ತಿರುಗಿ, ಮೇಸ್ತ್ರಿ ಏನು ಹೇಳುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ನಿಧಾನವಾಗಿ ಹೇಳಿದೆ: ಎದೆಯಿಂದ ತೊಡೆಯವರೆಗೆ ನೀರು, ಅದರ ಕೆಳಗಿದ್ದದ್ದು ಕೆಸರು, ನಾನು ಕೆಸರನ್ನೂ ಸೇರಿಸಿ ಅಳೆದಿದ್ದೇನೆ. ಕೊನೆಯ ಮಾತು ಮೇಸ್ತ್ರಿಯದಲ್ಲ, ನನ್ನದು.

ಅವರು ಬೈಯಲಿಲ್ಲ. ಈ ನೀರಿಗೆ ಎಷ್ಟು ಎಕರೆ ಪೂರ್ತಿ ನೆನೆಯುತ್ತದೆ ಎಂದು ಮೇಸ್ತ್ರಿಯನ್ನು ಕೇಳಲು ಹೇಳಿದರು.

“ಹತ್ತು ಎಕ್ರೆ. ಬಾಕಿ ಮೂವತ್ತು ಮುಟ್ಬೇಡಿ. ಮುಚ್ಚಿರೋ ಮೊಗ್ಗು ಮಳೆಗೆ ಕಾಯ್ತದೆ. ಅರ್ಧ ತೆರ್ಕೊಂಡಿದ್ದು ಕಾಯಲ್ಲ.”

ಸಮುದ್ರ ದಾಟಿ ಬಂದವರಿಗೆ ಹತ್ತೇ ಎಕರೆ ತೋರಿಸುವುದು ಮ್ಯಾನೇಜರ್ ದೊರೆಗೆ ಅವಮಾನವೆನಿಸಿರಬೇಕು, ಮುಖ ಕೆಂಪಾಗಿತ್ತು. ಆದರೂ ಅವರೇ ಮೊದಲು ತಲೆಯಾಡಿಸಿದರು. ಲಂಡನ್ ದೊರೆ ಪ್ರಯಾಣವನ್ನು ಮುಂದಕ್ಕೆ ಹಾಕಿದರು.

ಒಂಬತ್ತನೇ ದಿನ ಬೆಳಿಗ್ಗೆ ಹತ್ತು ಎಕರೆಯೂ ಒಂದೇ ಸಮ ಬಿಳಿಯಾಗಿತ್ತು. ಜೇನುಹುಳುಗಳ ಸದ್ದು ರಸ್ತೆಗೇ ಕೇಳುತ್ತಿತ್ತು. ನೀರಿನ ಚಿಮ್ಮು ಅರ್ಧಂಬರ್ಧ ತಲುಪಿದ್ದ ಅಂಚಿನ ಒಂದು ಸಾಲಿನಲ್ಲಿ ಮಾತ್ರ ಹೂವು ಮುದುಡಿ ಕೆಂಪಾಗಿತ್ತು. ಲಂಡನ್ ದೊರೆ ಆ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ನಲವತ್ತು ಎಕರೆಯೂ ಹೀಗಾಗುತ್ತಿತ್ತಲ್ಲ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಮೇಸ್ತ್ರಿಯ ಕೈ ಕುಲುಕಿದರು. ಏನು ಮಾಡಬೇಕೆಂದು ತಿಳಿಯದೆ ಮೇಸ್ತ್ರಿ ತಮ್ಮ ಎಡಗೈಯನ್ನೂ ಕೊಟ್ಟರು.

ಮಾರ್ಚ್ ಮಧ್ಯದಲ್ಲಿ ಮಳೆ ಬಂತು. ಉಳಿದ ಮೂವತ್ತು ಎಕರೆಯೂ ಅರಳಿತು. ಬ್ಲಾಕನ್ನು ಮಾರುವ ಮಾತನ್ನು ಕಂಪನಿ ಮತ್ತೆ ಎತ್ತಲಿಲ್ಲ. ಮಾರನೇ ಬೇಸಿಗೆ ಕೆರೆಯ ಹೂಳು ತೆಗೆಸಲು ಲಂಡನ್ನಿನಿಂದ ಒಪ್ಪಿಗೆ ಬಂತು. ಆ ಕೆಲಸ ಲೈನಿನವರಿಗೇ ಸಿಕ್ಕಿತು. ನನ್ನ ಕೆಲಸವೂ ಹೋಗಲಿಲ್ಲ. ಅದಕ್ಕೆ ಕಾರಣವೇನೆಂದು ನನಗೆ ಯಾರೂ ಹೇಳಿಲ್ಲ.

ಮೇಸ್ತ್ರಿ ತೀರಿಕೊಂಡು ಬಹಳ ವರ್ಷವಾಯಿತು. ದೊರೆಗಳಿಬ್ಬರ ಸುದ್ದಿ ತಿಳಿದಿಲ್ಲ. ಅಂದು ಏರಿಯ ಮೇಲಿದ್ದವರಲ್ಲಿ, ನನ್ನನ್ನು ಬಿಟ್ಟರೆ, ನನಗೆ ಗೊತ್ತಿರುವಂತೆ ಈಗ ಬದುಕಿರುವವರು ಇಬ್ಬರು. ಒಬ್ಬರು ಪಂಪಿನ ಡ್ರೈವರ್. ಮಡಿಕೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ. ಇನ್ನೊಬ್ಬರು ಪೈಪು ಚಾಚಿದ ಮೇಸ್ತ್ರಿಯ ಹೆಂಡತಿ. ಅವರು ಕೆಳಗಿನ ಬ್ಲಾಕಿನ ಲೈನಿನಲ್ಲಿ, ಆಗ ಇದ್ದ ಮನೆಯಲ್ಲೇ ಇದ್ದಾರೆ.